ಬೆಂಗಳೂರು ಲಯನ್ಸ್: ಕರ್ನಾಟಕದ ಅಲ್ಪಾಯುಷಿ ಹಾಕಿ ಲೀಗ್ ತಂಡಗಳು

ಬೆಂಗಳೂರು ಲಯನ್ಸ್ ಎಂಬುದು 2005ರಿಂದ 2008ರವರೆಗೆ ನಡೆದ ಪ್ರೀಮಿಯರ್ ಹಾಕಿ ಲೀಗಿನಲ್ಲಿ ಕರ್ನಾಟಕದ ರಾಜಧಾನಿಯ ಹೆಸರು ಹೊತ್ತು ಆಡಿದ ಪುರುಷರ ತಂಡ. ನಂತರ ಅದರ ಹೆಸರು ಬೆಂಗಳೂರು ಹೈ-ಫ್ಲೈಯರ್ಸ್ ಎಂದು ಬದಲಾಯಿತು. 2006ರಲ್ಲಿ ಹಳೆಯ ಹೆಸರಿನಲ್ಲಿ, 2008ರಲ್ಲಿ ಹೊಸ ಹೆಸರಿನಲ್ಲಿ ಪ್ರಶಸ್ತಿ ಗೆದ್ದಿತು. ನಾಲ್ಕೇ ವರ್ಷ ಬಾಳಿದ ಆ ಲೀಗಿನಲ್ಲಿ ಎರಡು ಸಲ ಚಾಂಪಿಯನ್ ಆದ ತಂಡ ಇದೊಂದೇ. ಎರಡನೆಯ ಸಲ ಗೆದ್ದ ವರ್ಷವೇ ಲೀಗ್ ನಿಂತಿತು, ಲೀಗಿನ ಜೊತೆಗೆ ತಂಡವೂ ಹೋಯಿತು. ನಾಲ್ಕು ವರ್ಷಗಳ ಬಳಿಕ ವರ್ಲ್ಡ್ ಸೀರೀಸ್ ಹಾಕಿ ಎಂಬ ಇನ್ನೊಂದು ಪಂದ್ಯಾವಳಿಯಲ್ಲಿ ಕರ್ನಾಟಕ ಲಯನ್ಸ್ ಎಂಬ ತಂಡ ಹುಟ್ಟಿತು. ಅದರ ಆಯಸ್ಸು ಒಂದೇ ಋತು. ಈ ಎರಡು ತಂಡಗಳ ಕಥೆಯನ್ನು ಒಟ್ಟಿಗೇ ಓದಬೇಕು. ಆಟಗಾರರಲ್ಲಿ ಕೆಲವರು ಅವರೇ. ಎರಡೂ ಅಳಿದದ್ದು ಒಂದೇ ಬಗೆಯ ಕಾರಣಕ್ಕೆ. ಎರಡೂ ಮೈದಾನದಲ್ಲಿ ಸೋತು ಅಳಿದವಲ್ಲ.

ಹಿನ್ನೆಲೆ

ಕರ್ನಾಟಕದ ಹಾಕಿಗೆ ಎರಡು ಬೇರುಗಳು. ಒಂದು ಬೆಂಗಳೂರಿನ ದಂಡು ಪ್ರದೇಶ. ಅಲ್ಲಿನ ಸೇನಾ ತಂಡಗಳು, ಕ್ರೈಸ್ತ ಶಾಲೆಗಳು ಮತ್ತು ಸಾರ್ವಜನಿಕ ವಲಯದ ಕಾರ್ಖಾನೆ-ಬ್ಯಾಂಕುಗಳ ತಂಡಗಳು ಆಟವನ್ನು ಸಾಕಿದವು. ಇನ್ನೊಂದು ಕೊಡಗು. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ಭಾರತ ತಂಡದ ನಾಯಕ ಎಂ. ಪಿ. ಗಣೇಶ್, 1975ರಲ್ಲಿ ವಿಶ್ವಕಪ್ ಗೆದ್ದ ತಂಡದ ಬಿ. ಪಿ. ಗೋವಿಂದ, 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದು 1988ರಲ್ಲಿ ಸೋಲ್‌ನಲ್ಲಿ ತಂಡವನ್ನು ಮುನ್ನಡೆಸಿದ ಎಂ. ಎಂ. ಸೋಮಯ್ಯ ಕೊಡಗಿನವರು. ಬೆಂಗಳೂರಿನ ಜೂಡ್ ಫೆಲಿಕ್ಸ್ ಭಾರತದ ನಾಯಕರಾಗಿದ್ದರು. ಗೋಲ್‌ಕೀಪರ್ ಆಶಿಶ್ ಬಲ್ಲಾಳ್ 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದ ಚಿನ್ನದಲ್ಲಿ ನಿರ್ಣಾಯಕ ಪಾತ್ರ ವಹಿಸಿದರು.

ಉತ್ತರ ಕರ್ನಾಟಕದ ಪಾಲನ್ನು ಸಾಮಾನ್ಯವಾಗಿ ಮರೆಯಲಾಗುತ್ತದೆ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದ ಬಂಡು ಪಾಟೀಲ ಬೆಳಗಾವಿಯವರು. ಹುಬ್ಬಳ್ಳಿಯಲ್ಲಿ, ಗದಗ-ಬೆಟಗೇರಿಯಲ್ಲಿ ಹಾಕಿ ಆಡುವ ರೂಢಿ ಹಳೆಯದು. ಕಲ್ಯಾಣ ಕರ್ನಾಟಕದ ಬೀದರ ಸೀಮೆಗೆ ಈ ಯಾವ ಬೇರೂ ಗಟ್ಟಿಯಾಗಿ ತಾಗಲಿಲ್ಲ.

ಇಷ್ಟು ಪರಂಪರೆಯಿದ್ದರೂ ಆಟಗಾರನ ಬದುಕು ಮಾತ್ರ ನೌಕರಿಯನ್ನೇ ನಂಬಿಕೊಂಡಿತ್ತು. ಏರ್ ಇಂಡಿಯಾ, ತೈಲ ಕಂಪನಿಗಳು, ರೈಲ್ವೆ, ಸೇನೆ, ಪೊಲೀಸ್, ಬ್ಯಾಂಕು ಇವು ಆಟಗಾರನಿಗೆ ಸಂಬಳ ಕೊಡುತ್ತಿದ್ದವು; ವರ್ಷಕ್ಕೆ ಕೆಲವು ಟೂರ್ನಿಗಳಲ್ಲಿ ಆತ ತನ್ನ ಸಂಸ್ಥೆಗಾಗಿ ಆಡುತ್ತಿದ್ದ. ಬೆಂಗಳೂರಿನ ಪ್ರೇಕ್ಷಕ ತನ್ನ ಊರಿನ ತಂಡವೆಂದು ಕೂಗಿ ಹುರಿದುಂಬಿಸಲು ಒಂದು ತಂಡವೇ ಇರಲಿಲ್ಲ. ರಾಜ್ಯ ತಂಡ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಹೋಗಿಬಂದದ್ದು ಪತ್ರಿಕೆಯ ಕ್ರೀಡಾಪುಟದ ಒಂದು ಮೂಲೆಯಲ್ಲಿ ಮುಗಿಯುತ್ತಿತ್ತು. ಊರಿನ ಹೆಸರಿನ ವೃತ್ತಿಪರ ತಂಡ ಎಂಬ ಯೋಚನೆ ಹಾಕಿಗೆ ಹೊಸದಾಗಿತ್ತು. ಅದು ಬಂದದ್ದು 2005ರಲ್ಲಿ, ಕ್ರಿಕೆಟ್ಟಿನ ಐಪಿಎಲ್‌ಗಿಂತ ಮೂರು ವರ್ಷ ಮೊದಲು.

ಪ್ರೀಮಿಯರ್ ಹಾಕಿ ಲೀಗ್

ಆಗ ದೇಶದ ಹಾಕಿಯನ್ನು ಆಳುತ್ತಿದ್ದ ಭಾರತೀಯ ಹಾಕಿ ಫೆಡರೇಷನ್ (ಐಎಚ್‌ಎಫ್) ಮತ್ತು ಇಎಸ್‌ಪಿಎನ್-ಸ್ಟಾರ್ ಸ್ಪೋರ್ಟ್ಸ್ ವಾಹಿನಿ ಸೇರಿ ಈ ಲೀಗನ್ನು ಆರಂಭಿಸಿದವು. ಫೆಡರೇಷನ್ನಿನ ಅಧ್ಯಕ್ಷರು ನಿವೃತ್ತ ಪೊಲೀಸ್ ಅಧಿಕಾರಿ ಕೆ. ಪಿ. ಎಸ್. ಗಿಲ್. ಟಿವಿಗಾಗಿಯೇ ಹೊಲಿದ ಆಟ ಇದು. 35 ನಿಮಿಷಗಳ ಎರಡು ಅವಧಿಗಳ ಬದಲು ಹದಿನೇಳೂವರೆ ನಿಮಿಷಗಳ ನಾಲ್ಕು ಪಾಳಿ. ಪಂದ್ಯ ಸಮವಾಗಿ ಮುಗಿಯುವಂತಿರಲಿಲ್ಲ, ಗೆಲ್ಲುವವರು ಯಾರೆಂದು ತೀರ್ಮಾನವಾಗಲೇಬೇಕಿತ್ತು. ಜಾಹೀರಾತಿಗೆ ಜಾಗ ಮಾಡಿಕೊಡುವ ಉಪಾಯವೆಂದು ಹಳಬರು ಗೊಣಗಿದರು. ಆದರೆ ಅಂತರರಾಷ್ಟ್ರೀಯ ಹಾಕಿ ಒಕ್ಕೂಟವೇ 2014ರಿಂದ ನಾಲ್ಕು ಪಾಳಿಗಳ ಆಟವನ್ನು ತನ್ನ ಪಂದ್ಯಗಳಿಗೆ ಅಳವಡಿಸಿಕೊಂಡಿತು. ಪಾಳಿಯ ಅವಧಿ 15 ನಿಮಿಷ ಎಂಬುದಷ್ಟೇ ವ್ಯತ್ಯಾಸ. ಈ ಒಂದು ವಿಷಯದಲ್ಲಿ ಭಾರತದ ಲೀಗ್ ಜಗತ್ತಿಗಿಂತ ಮುಂದಿತ್ತೆಂದು ಒಪ್ಪಬೇಕು.

ಮೊದಲ ಆವೃತ್ತಿಯ ಪಂದ್ಯಗಳೆಲ್ಲ ಹೈದರಾಬಾದಿನ ಗಚ್ಚಿಬೌಲಿಯಲ್ಲಿ ನಡೆದವು. ಊರಿನವರೇ ಆದ ಹೈದರಾಬಾದ್ ಸುಲ್ತಾನ್ಸ್ ಪ್ರಶಸ್ತಿ ಗೆದ್ದರು. ಪಾಕಿಸ್ತಾನದ ಪೆನಾಲ್ಟಿ ಕಾರ್ನರ್ ತಜ್ಞ ಸೊಹೈಲ್ ಅಬ್ಬಾಸ್ ಆ ತಂಡದಲ್ಲಿ ಆಡಿದ್ದರು. ಧನರಾಜ್ ಪಿಳ್ಳೈ ಮರಾಠಾ ವಾರಿಯರ್ಸ್‌ನಲ್ಲಿದ್ದರು. ಚೆನ್ನೈ ವೀರನ್ಸ್, ಶೇರ್-ಎ-ಜಲಂಧರ್, ಚಂಡೀಗಡ ಡೈನಮೋಸ್ ಇತರ ಹೆಸರುಗಳು. ಮುಂದೆ ಬಂದ ಒರಿಸ್ಸಾ ಸ್ಟೀಲರ್ಸ್ 2007ರಲ್ಲಿ ಗೆದ್ದರು.

ಬೀದರ ಜಿಲ್ಲೆಯ ಬಸವಕಲ್ಯಾಣ ತಾಲ್ಲೂಕಿನ ಮೋರಖಂಡಿಯಲ್ಲೋ ಹುಮನಾಬಾದಿನಲ್ಲೋ ನಿಂತು ನೋಡಿದರೆ ಈ ಲೀಗಿನ ನಕ್ಷೆ ಬೇರೆಯಾಗಿಯೇ ಕಾಣುತ್ತದೆ. ಹೈದರಾಬಾದು ಅಲ್ಲಿಂದ 200 ಕಿ.ಮೀ. ಒಳಗೆ, ಬೆಂಗಳೂರು 600 ಕಿ.ಮೀ. ದಾಟಿದ ಮೇಲೆ. 1956ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ಹುಮನಾಬಾದಿನ ಮೇಲೆ ಹಾಯುವ ಹೆದ್ದಾರಿಯ ಒಂದು ತುದಿಗೆ ಸುಲ್ತಾನರ ಊರು, ಇನ್ನೊಂದು ತುದಿಗೆ ಪುಣೆ. ಬೆಂಗಳೂರಿನ ಹೆಸರಿನ ತಂಡ ಬೀದರ ಜಿಲ್ಲೆಯ ಹುಡುಗನಿಗೆ ಟಿವಿಯಲ್ಲಿ ಮಾತ್ರ ತನ್ನದು. ಲೀಗ್ ಇನ್ನಷ್ಟು ಕಾಲ ಬಾಳಿ ಜಿಲ್ಲೆಗಳಲ್ಲಿ ಆಟಗಾರರನ್ನು ಹುಡುಕುವ ಮಟ್ಟಕ್ಕೆ ಬಂದಿದ್ದರೆ ಈ ಮಾತು ಬದಲಾಗುತ್ತಿತ್ತು. ಅಷ್ಟು ಕಾಲ ಅದಕ್ಕೆ ಸಿಗಲಿಲ್ಲ.

ತಂಡ ಮತ್ತು ಆಟಗಾರರು

ಬೆಂಗಳೂರು ಲಯನ್ಸ್‌ನ ಮುಖ್ಯ ಆಟಗಾರ ಅರ್ಜುನ್ ಹಾಲಪ್ಪ. ಕೊಡಗಿನ ಸೋಮವಾರಪೇಟೆಯಲ್ಲಿ 1980ರ ಡಿಸೆಂಬರ್ 17ರಂದು ಹುಟ್ಟಿದ ಇವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಆಡಿದ್ದರು. ಮುಂಚೂಣಿಯಲ್ಲಿ ಆಡಿದರೂ ಗೋಲು ಹೊಡೆಯುವವರಿಗಿಂತ ಗೋಲಿಗೆ ದಾರಿ ಮಾಡುವವರೆಂದೇ ಹೆಸರಾದವರು. ಲೆನ್ ಅಯ್ಯಪ್ಪ ಕೊಡವ ಮನೆತನದವರು. ರಕ್ಷಣೆಯ ಸಾಲಿನಲ್ಲಿ ನಿಂತು ಪೆನಾಲ್ಟಿ ಕಾರ್ನರ್ ಸಿಕ್ಕಾಗ ಡ್ರ್ಯಾಗ್ ಫ್ಲಿಕ್ ಮಾಡುವುದು ಅವರ ಕೆಲಸ. ಆ ಕಾಲದ ಹಾಕಿಯಲ್ಲಿ ತಂಡದ ಅರ್ಧ ಭವಿಷ್ಯ ಆ ಒಂದು ಹೊಡೆತದ ಮೇಲಿತ್ತು. ಚೆಂಡನ್ನು ಕೋಲಿನ ಬಾಗಿದ ತುದಿಗೆ ಅಂಟಿಸಿಕೊಂಡಂತೆ ಎಳೆದು ಬೀಸಿ ಎಸೆಯುವ ಈ ವಿದ್ಯೆಗೆ ಕೃತಕ ಹಾಸಿನ ನುಣುಪು ಬೇಕು. ಹುಲ್ಲಿನ ಮೇಲೆ ಬೆಳೆದ ಹಳೆಯ ಪೀಳಿಗೆಗೆ ಅದು ಒಗ್ಗಿರಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಕೃತಕ ಹಾಸು ಬಂದ ಮೇಲೆ ಭಾರತದ ಹಾಕಿ ಹಿಂದೆ ಬಿದ್ದದ್ದು ಎಲ್ಲರೂ ಬಲ್ಲ ಸಂಗತಿ. ಅಂಥ ಹಾಸು ಬೆಂಗಳೂರಿನಲ್ಲಿ ಬಂದದ್ದರಿಂದ ಕರ್ನಾಟಕದ ಹುಡುಗರಿಗೆ ಆ ಅಭ್ಯಾಸ ಸಿಕ್ಕಿತು. ಬೆಂಗಳೂರಿನ ತಂಡ ಎರಡು ಸಲ ಗೆದ್ದುದರ ಹಿಂದೆ ಈ ತಯಾರಿಯಿದೆ.

ತಂಡದ ದೌರ್ಬಲ್ಯ ಆಟದಲ್ಲಿರಲಿಲ್ಲ, ಅದನ್ನು ಕಟ್ಟಿದ ಬಗೆಯಲ್ಲಿತ್ತು. ಅದಕ್ಕೆ ಊರಿನ ಹೆಸರಿತ್ತು, ಆದರೆ ಊರಿನಲ್ಲಿ ಬೇರೂರಿದ ಮಾಲೀಕರಿರಲಿಲ್ಲ. ತಂಡಗಳೆಲ್ಲ ಲೀಗನ್ನು ನಡೆಸುವವರ ಕೈಯಲ್ಲೇ ಇದ್ದವು. ಸ್ವಂತ ಊರಿನಲ್ಲೊಂದು ಪಂದ್ಯ, ಎದುರಾಳಿಯ ಊರಿನಲ್ಲೊಂದು ಎಂಬ ಪದ್ಧತಿ ಇರಲಿಲ್ಲ. ಆಯ್ದ ಕೆಲವೇ ಕೇಂದ್ರಗಳಲ್ಲಿ ಎಲ್ಲ ತಂಡಗಳೂ ಬಂದು ಇಳಿದು, ಕೆಲವು ವಾರ ಆಡಿ, ಚದುರುತ್ತಿದ್ದವು. ಹೀಗಾಗಿ ಟಿಕೆಟ್ ಹಣ, ಊರಿನ ಪ್ರಾಯೋಜಕ, ಶಾಲಾ ಮಕ್ಕಳ ತಂಡ, ವರ್ಷವಿಡೀ ನಡೆಯುವ ಕಚೇರಿ ಯಾವುದೂ ತಂಡದ ಬಳಿ ಬೆಳೆಯಲಿಲ್ಲ. ಬೆಂಗಳೂರು ಶಾಂತಿನಗರದ ಅಕ್ಕಿತಿಮ್ಮನಹಳ್ಳಿಯಲ್ಲಿ ಒಳ್ಳೆಯ ಹಾಕಿ ಕ್ರೀಡಾಂಗಣವಿದ್ದೂ ತಂಡಕ್ಕೆ ಅದು ಮನೆಯಾಗಲಿಲ್ಲ. ಲಯನ್ಸ್ ಹೋಗಿ ಹೈ-ಫ್ಲೈಯರ್ಸ್ ಬಂದಾಗ ಅಭಿಮಾನಿಗಳಿಂದ ದೊಡ್ಡ ತಕರಾರು ಏಳಲಿಲ್ಲ ಎಂಬುದನ್ನೇ ನೋಡಿ: ಹೆಸರಿನ ಮೇಲೆ ಹಕ್ಕು ಸಾಧಿಸುವಷ್ಟು ಹತ್ತಿರಕ್ಕೆ ತಂಡ ಊರನ್ನು ಕರೆದುಕೊಂಡಿರಲಿಲ್ಲ.

2008

2008ರ ಮಾರ್ಚ್ ಮತ್ತು ಏಪ್ರಿಲ್ ಭಾರತದ ಹಾಕಿಯನ್ನು ಬುಡಮೇಲು ಮಾಡಿದವು. ಮಾರ್ಚ್ 9ರಂದು ಚಿಲಿಯ ಸಾಂಟಿಯಾಗೊದಲ್ಲಿ ಬ್ರಿಟನ್ ಎದುರು 0-2ರಿಂದ ಸೋತ ಭಾರತ, 1928ರ ನಂತರ ಮೊದಲ ಸಲ ಒಲಿಂಪಿಕ್ಸ್‌ಗೆ ಅರ್ಹತೆ ಕಳೆದುಕೊಂಡಿತು. ಏಪ್ರಿಲ್‌ನಲ್ಲಿ ಒಂದು ಸುದ್ದಿವಾಹಿನಿಯ ಕುಟುಕು ಕಾರ್ಯಾಚರಣೆ ಪ್ರಸಾರವಾಯಿತು. ಆಟಗಾರನೊಬ್ಬನನ್ನು ತಂಡಕ್ಕೆ ಆರಿಸಲು ಫೆಡರೇಷನ್ನಿನ ಕಾರ್ಯದರ್ಶಿ ಹಣ ಪಡೆದರೆಂಬುದು ಅದರ ಆರೋಪ. ಕಾರ್ಯದರ್ಶಿ ರಾಜೀನಾಮೆ ಕೊಟ್ಟರು. ಏಪ್ರಿಲ್ 28ರಂದು ಭಾರತೀಯ ಒಲಿಂಪಿಕ್ ಸಂಸ್ಥೆ ಐಎಚ್‌ಎಫ್ ಅನ್ನು ಅಮಾನತು ಮಾಡಿ, ಮಾಜಿ ಆಟಗಾರ ಅಸ್ಲಂ ಶೇರ್ ಖಾನ್ ನೇತೃತ್ವದ ತಾತ್ಕಾಲಿಕ ಸಮಿತಿಗೆ ಆಡಳಿತ ಒಪ್ಪಿಸಿತು.

ಇದಕ್ಕೆ ಹತ್ತು ದಿನ ಮೊದಲು, ಏಪ್ರಿಲ್ 18ರಂದು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್‌ನ ಮೊದಲ ಪಂದ್ಯ ನಡೆದಿತ್ತು. ಊರಿನ ಹೆಸರಿನ ತಂಡ, ಸಂಜೆಯ ಟಿವಿ ಆಟ, ವಿದೇಶಿ ಆಟಗಾರ ಇವನ್ನೆಲ್ಲ ಮೂರು ವರ್ಷ ಮೊದಲೇ ಮಾಡಿದ್ದು ಹಾಕಿ. ಫಲ ಉಂಡದ್ದು ಕ್ರಿಕೆಟ್. ಕ್ರಿಕೆಟ್ ಮಂಡಳಿ ಪ್ರತಿ ತಂಡವನ್ನೂ ಊರಿಗೊಬ್ಬ ಮಾಲೀಕನಿಗೆ ಮಾರಿತು, ಪ್ರತಿ ತಂಡಕ್ಕೂ ತನ್ನ ಊರಿನ ಮೈದಾನ ಕೊಟ್ಟಿತು. ನಷ್ಟವಾದರೂ ತಂಡ ಉಳಿಸಿಕೊಳ್ಳಬೇಕಾದ ಒಬ್ಬ ಮನುಷ್ಯನನ್ನು ಅದು ಸೃಷ್ಟಿಸಿತು. ಹಾಕಿ ಲೀಗಿಗೆ ಅಂಥವರು ಇರಲಿಲ್ಲ. ಸಂಘಟಕ ಸಂಸ್ಥೆ ಕುಸಿದ ದಿನ ಎಲ್ಲ ತಂಡಗಳೂ ಒಟ್ಟಿಗೇ ಕುಸಿದವು, ಹಾಲಿ ಚಾಂಪಿಯನ್ ಬೆಂಗಳೂರು ಹೈ-ಫ್ಲೈಯರ್ಸ್ ಸಹ. ಮುಂದಿನ ವರ್ಷ ಅವರು ಕಾಯ್ದುಕೊಳ್ಳಬೇಕಿದ್ದ ಪ್ರಶಸ್ತಿಗೆ ಪಂದ್ಯಾವಳಿಯೇ ಇರಲಿಲ್ಲ.

ಎರಡು ಸಂಸ್ಥೆಗಳು, ಒಂದು ಆಟ

2009ರಲ್ಲಿ ಹಾಕಿ ಇಂಡಿಯಾ ಎಂಬ ಹೊಸ ಸಂಸ್ಥೆ ಹುಟ್ಟಿತು. ಅಂತರರಾಷ್ಟ್ರೀಯ ಒಕ್ಕೂಟ ಮಾನ್ಯ ಮಾಡಿದ್ದು ಅದನ್ನು. ಹಳೆಯ ಐಎಚ್‌ಎಫ್ ಸುಮ್ಮನಿರಲಿಲ್ಲ, ನ್ಯಾಯಾಲಯಕ್ಕೆ ಹೋಯಿತು. 2010ರಲ್ಲಿ ದೆಹಲಿ ಹೈಕೋರ್ಟ್ ಅದರ ಮಾನ್ಯತೆ ರದ್ದತಿಯನ್ನು ತಳ್ಳಿಹಾಕಿತು. ಹೀಗೆ ದೇಶದಲ್ಲಿ ಹಾಕಿಗೆ ಇಬ್ಬರು ಯಜಮಾನರು. ರಾಷ್ಟ್ರೀಯ ತಂಡ ಒಬ್ಬರ ಕೈಯಲ್ಲಿ, ಹಳೆಯ ರಾಜ್ಯ ಘಟಕಗಳ ದೊಡ್ಡ ಜಾಲ ಇನ್ನೊಬ್ಬರ ಬಳಿ.

ಐಎಚ್‌ಎಫ್ ಈ ಸಲ ಕೈಹಿಡಿದದ್ದು ನಿಂಬಸ್ ಸ್ಪೋರ್ಟ್ಸ್ ಎಂಬ ಕಂಪನಿಯನ್ನು. ಇವರಿಬ್ಬರ ಕೂಸು ವರ್ಲ್ಡ್ ಸೀರೀಸ್ ಹಾಕಿ. ಎಂಟು ತಂಡಗಳು: ಶೇರ್-ಎ-ಪಂಜಾಬ್, ಚಂಡೀಗಡ ಕಾಮೆಟ್ಸ್, ದೆಹಲಿ ವಿಝರ್ಡ್ಸ್, ಭೋಪಾಲ್ ಬಾದ್‌ಷಾಸ್, ಮುಂಬೈ ಮರೀನ್ಸ್, ಪುಣೆ ಸ್ಟ್ರೈಕರ್ಸ್, ಚೆನ್ನೈ ಚೀತಾಸ್ ಮತ್ತು ಕರ್ನಾಟಕ ಲಯನ್ಸ್. ಮೊದಲಿನ ಲೀಗಿನ ಒಂದು ತಪ್ಪನ್ನು ಇವರು ತಿದ್ದಿಕೊಂಡಿದ್ದರು. ತವರಿನಲ್ಲಿ ಮತ್ತು ಹೊರಗೆ ಆಡುವ ಪದ್ಧತಿ ತಂದರು. ಪ್ರತಿ ತಂಡಕ್ಕೆ ಲೀಗ್ ಹಂತದಲ್ಲಿ 14 ಪಂದ್ಯ, ಒಟ್ಟು 59 ಪಂದ್ಯ. ಕೊನೆಗೂ ಬೆಂಗಳೂರಿನ ಹಾಕಿ ಕ್ರೀಡಾಂಗಣಕ್ಕೆ ತನ್ನದೇ ಲೀಗ್ ತಂಡ ಸಿಕ್ಕಿತು.

ಅಂತರರಾಷ್ಟ್ರೀಯ ಒಕ್ಕೂಟ ಇದನ್ನು ಅನಧಿಕೃತ ಪಂದ್ಯಾವಳಿಯೆಂದು ಸಾರಿತು. ಆಡಿದವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುವ ಭಯ ಎದುರಾಯಿತು. ಆಟಗಾರರು ಎರಡು ಪಾಲಾದರು. ಸಂದೀಪ್ ಸಿಂಗ್, ಸರ್ದಾರ್ ಸಿಂಗ್ ಮೊದಲು ಒಪ್ಪಿ ನಂತರ ಹಿಂದೆ ಸರಿದರು. 2012ರ ಫೆಬ್ರುವರಿ 26ರಂದು ದೆಹಲಿಯಲ್ಲಿ ಫ್ರಾನ್ಸ್ ತಂಡವನ್ನು 8-1ರಿಂದ ಸೋಲಿಸಿ ಭಾರತ ಲಂಡನ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. ಸರಿಯಾಗಿ ಮೂರು ದಿನ ಬಿಟ್ಟು, ಫೆಬ್ರುವರಿ 29ರಂದು, ಚಂಡೀಗಡದಲ್ಲಿ ವರ್ಲ್ಡ್ ಸೀರೀಸ್ ಆರಂಭವಾಯಿತು. ಕರ್ನಾಟಕದ ಮಟ್ಟಿಗೆ ಇದರ ಅರ್ಥ ಇಷ್ಟು: ಎಸ್. ವಿ. ಸುನಿಲ್, ವಿ. ಆರ್. ರಘುನಾಥ್ ಮೊದಲಾದವರು ಒಲಿಂಪಿಕ್ಸ್ ತಂಡದ ಕಡೆ; ಹಾಲಪ್ಪ, ಲೆನ್ ಅಯ್ಯಪ್ಪ ಕರ್ನಾಟಕ ಲಯನ್ಸ್ ಕಡೆ. ಸುನಿಲ್ ಮತ್ತು ಹಾಲಪ್ಪ ಇಬ್ಬರೂ ಸೋಮವಾರಪೇಟೆಯವರೇ. ಆಡಳಿತಗಾರರ ಜಗಳ ಒಂದೇ ಪುಟ್ಟ ಊರಿನ ಇಬ್ಬರು ಆಟಗಾರರ ನಡುವೆ ಗೆರೆ ಎಳೆದದ್ದು ನನಗೆ ಈ ಇಡೀ ಪ್ರಕರಣದಲ್ಲಿ ಅತ್ಯಂತ ನೋವಿನ ಸಂಗತಿಯಾಗಿ ಕಾಣುತ್ತದೆ.

ಕರ್ನಾಟಕ ಲಯನ್ಸ್‌ನ ನಾಯಕ ಅರ್ಜುನ್ ಹಾಲಪ್ಪ, ತರಬೇತುದಾರ ಜೂಡ್ ಫೆಲಿಕ್ಸ್. ಬೆಂಗಳೂರಿನಲ್ಲಿ ಬಡಮಕ್ಕಳಿಗಾಗಿ 2009ರಲ್ಲಿ ಹಾಕಿ ಅಕಾಡೆಮಿ ತೆರೆದಿದ್ದ ಫೆಲಿಕ್ಸ್ ಅವರಿಗಿಂತ ಯೋಗ್ಯ ಗುರು ಆ ತಂಡಕ್ಕೆ ಸಿಗುತ್ತಿರಲಿಲ್ಲ. ತಂಡದಲ್ಲಿ 43 ವರ್ಷದ ಧನರಾಜ್ ಪಿಳ್ಳೈ ಇದ್ದರು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್ ಆಡಿದ್ದ ಅವರು ತಮಗಿಂತ ಹನ್ನೆರಡು ವರ್ಷ ಕಿರಿಯ ನಾಯಕನ ಕೈಕೆಳಗೆ ಬಂದದ್ದು ಹಾಕಿಯ ಮೇಲಿನ ಹಂಬಲದಿಂದ. ತಂಡ ಸೆಮಿಫೈನಲ್ ತಲುಪಿ ಅಲ್ಲಿ ನಿಂತಿತು. ಏಪ್ರಿಲ್ 2ರಂದು ಮುಂಬೈಯಲ್ಲಿ ನಡೆದ ಫೈನಲ್‌ನಲ್ಲಿ ಶೇರ್-ಎ-ಪಂಜಾಬ್ ತಂಡ ಪುಣೆ ಸ್ಟ್ರೈಕರ್ಸ್ ತಂಡವನ್ನು 5-2ರಿಂದ ಸೋಲಿಸಿತು.

ಎರಡನೆಯ ಆವೃತ್ತಿ ಅದೇ ವರ್ಷದ ಕೊನೆಗೆ ಎಂದರು, ಮುಂದೂಡಿದರು, ಕೊನೆಗೆ ನಡೆಯಲೇ ಇಲ್ಲ. ಸಂಘಟಕ ಕಂಪನಿಯ ಹಣಕಾಸು ಮೊದಲೇ ಹದಗೆಟ್ಟಿತ್ತು. ಬಾಕಿ ಪಾವತಿಸದ ಕಾರಣಕ್ಕೆ ಕ್ರಿಕೆಟ್ ಮಂಡಳಿ ಅದರ ಜೊತೆಗಿನ ಪ್ರಸಾರ ಒಪ್ಪಂದವನ್ನು 2011ರ ಡಿಸೆಂಬರ್‌ನಲ್ಲೇ ಮುರಿದಿತ್ತು. ಲೀಗ್ ಮುಗಿದ ಮೇಲೆ ತಮ್ಮ ಸಂಭಾವನೆ ಪೂರ್ತಿ ಬಂದಿಲ್ಲವೆಂದು ಆಟಗಾರರು ಬಹಿರಂಗವಾಗಿ ದೂರಿದರು. ರಾಷ್ಟ್ರೀಯ ತಂಡದ ಆಸೆ ಬಿಟ್ಟು ಬಂದವರಿಗೆ ಕೂಲಿಯೂ ಸರಿಯಾಗಿ ಸಿಗಲಿಲ್ಲ ಎಂದಾಯಿತು.

ಐಸ್ ಹಾಕಿಯ ನಾಡಿನಲ್ಲಿ

ಇಂಥ ಅಲ್ಪಾಯುಷಿ ತಂಡಗಳಿಗೆ ಉತ್ತರ ಅಮೆರಿಕದ ಐಸ್ ಹಾಕಿ ದೊಡ್ಡ ಕಣಜ. ಅಲ್ಲಿ ಎನ್‌ಎಚ್‌ಎಲ್ ಎಂಬ ಮೇಲ್ಮಟ್ಟದ ಲೀಗಿನ ಕೆಳಗೆ ಹಲವು ಕಿರಿಯ ಲೀಗುಗಳಿವೆ. ಸಣ್ಣ ಸಣ್ಣ ಪಟ್ಟಣಗಳ ಹೆಸರಿನ ತಂಡಗಳು ಹುಟ್ಟಿ, ಕೆಲವು ಚಳಿಗಾಲ ಆಡಿ, ಹಣ ಮುಗಿದಾಗ ಮುಚ್ಚುತ್ತವೆ ಅಥವಾ ಬೇರೆ ಊರಿಗೆ ಹೋಗುತ್ತವೆ. ಹಿಮ ಬೀಳುವುದೇ ಅಪರೂಪವಾದ ಜಾರ್ಜಿಯಾ ರಾಜ್ಯದ ಮೇಕನ್ ಪಟ್ಟಣದಲ್ಲಿ 1973-74ರಲ್ಲಿ ಆಡಿದ ಮೇಕನ್ ಹೂಪೀಸ್ ತಂಡ ಒಂದು ಋತುವನ್ನೂ ಪೂರೈಸಲಿಲ್ಲ. 1988ರಲ್ಲಿ ಐದೇ ತಂಡಗಳೊಂದಿಗೆ ಶುರುವಾದ ಈಸ್ಟ್ ಕೋಸ್ಟ್ ಹಾಕಿ ಲೀಗ್ ಮಾತ್ರ, ತಂಡಗಳು ಬಂದು ಹೋದರೂ, ಲೀಗ್ ಆಗಿ ಉಳಿದುಕೊಂಡಿತು. ಅಲ್ಲಿ ಒಂದು ತಂಡ ಸತ್ತರೆ ಲೀಗ್ ಸಾಯುವುದಿಲ್ಲ. ನಮ್ಮಲ್ಲಿ ಲೀಗ್ ಸತ್ತು ಗೆಲ್ಲುತ್ತಿದ್ದ ತಂಡವನ್ನೂ ಕೊಂದಿತು.

ಕರ್ನಾಟಕ ಲಯನ್ಸ್ ಕಥೆಗೆ ಇನ್ನೂ ಹತ್ತಿರದ್ದು 1972ರಲ್ಲಿ ಎನ್‌ಎಚ್‌ಎಲ್ ವಿರುದ್ಧ ಬಂಡೆದ್ದ ವರ್ಲ್ಡ್ ಹಾಕಿ ಅಸೋಸಿಯೇಷನ್. ಬಾಬಿ ಹಲ್ ಎಂಬ ದೊಡ್ಡ ಆಟಗಾರ ಅದಕ್ಕೆ ಹೋದ. ನಿವೃತ್ತನಾಗಿದ್ದ ಗೋರ್ಡಿ ಹೋವ್ 45ರ ಪ್ರಾಯದಲ್ಲಿ ಮರಳಿ ಬಂದು ತನ್ನ ಇಬ್ಬರು ಮಕ್ಕಳ ಜೊತೆ ಹ್ಯೂಸ್ಟನ್ ಏರೋಸ್ ತಂಡಕ್ಕೆ ಆಡಿದ. ಧನರಾಜ್ ಅವರನ್ನು ನೆನೆದಾಗ ಈ ಹೆಸರೂ ಜೊತೆಗೆ ಬರುತ್ತದೆ. ಏಳು ಋತುಗಳ ಬಳಿಕ, 1979ರಲ್ಲಿ, ಬಂಡಾಯ ಲೀಗ್ ಮುಚ್ಚಿತು. ಆದರೆ ಎಡ್ಮಂಟನ್ ಆಯ್ಲರ್ಸ್, ವಿನ್ನಿಪೆಗ್ ಜೆಟ್ಸ್, ಕ್ವಿಬೆಕ್ ನಾರ್ಡಿಕ್ಸ್, ಹಾರ್ಟ್‌ಫರ್ಡ್ ವೇಲರ್ಸ್ ಎಂಬ ನಾಲ್ಕು ತಂಡಗಳನ್ನು ಎನ್‌ಎಚ್‌ಎಲ್ ತನ್ನೊಳಗೆ ಸೇರಿಸಿಕೊಂಡಿತು. ಗೆದ್ದವರು ಸೋತವರ ಮನೆಯನ್ನು ಕೆಡವದೆ ಒಳ್ಳೆಯ ಕಂಬಗಳನ್ನು ಉಳಿಸಿಕೊಂಡರು.

ಭಾರತದಲ್ಲಿ ಈ ವಿವೇಕ ಕಾಣಲಿಲ್ಲ. ಹಾಕಿ ಇಂಡಿಯಾ 2013ರ ಜನವರಿಯಲ್ಲಿ ತನ್ನದೇ ಹಾಕಿ ಇಂಡಿಯಾ ಲೀಗ್ ಆರಂಭಿಸಿದಾಗ ವರ್ಲ್ಡ್ ಸೀರೀಸ್‌ನ ಎಂಟರಲ್ಲಿ ಒಂದು ತಂಡವನ್ನೂ ತೆಗೆದುಕೊಳ್ಳಲಿಲ್ಲ. ದೆಹಲಿ, ಪಂಜಾಬ್, ಮುಂಬೈ, ರಾಂಚಿ ಮತ್ತು ಉತ್ತರ ಪ್ರದೇಶದ ಹೆಸರಿನಲ್ಲಿ ಐದು ಹೊಸ ತಂಡಗಳು ಬಂದವು. ವರ್ಷದ ಹಿಂದೆ ಸೆಮಿಫೈನಲ್ ಆಡಿದ್ದ ಕರ್ನಾಟಕಕ್ಕೆ ಜಾಗವಿರಲಿಲ್ಲ. ರಘುನಾಥ್ ಉತ್ತರ ಪ್ರದೇಶ ವಿಝರ್ಡ್ಸ್ ತಂಡದ ನಾಯಕರಾದರು, ಸುನಿಲ್ ಪಂಜಾಬ್ ವಾರಿಯರ್ಸ್‌ಗೆ ಆಡಿದರು. ರಾಜ್ಯದ ಪ್ರತಿಭೆ ಹರಾಜಿನಲ್ಲಿ ಬೇರೆ ಊರುಗಳ ಅಂಗಿ ತೊಟ್ಟಿತು. ಕಾಸು ಸಿಕ್ಕಿತು, ಅದು ಒಳ್ಳೆಯದೇ. ಕರ್ನಾಟಕದ ಮಕ್ಕಳು ಕೈ ಬೀಸಿ ಕೂಗುವ ತಂಡ ಮಾತ್ರ ಇಲ್ಲವಾಯಿತು.

ಬಾಳಿದ ಹಾಕಿ

ಈ ಎಲ್ಲ ಲೀಗುಗಳಿಗಿಂತ ಮೊದಲು ಹುಟ್ಟಿ ಇಂದಿಗೂ ನಡೆಯುತ್ತಿರುವುದು ಕೊಡವ ಕೌಟುಂಬಿಕ ಹಾಕಿ ಹಬ್ಬ. ಬ್ಯಾಂಕ್ ನೌಕರಿಯಿಂದ ನಿವೃತ್ತರಾದ ಪಾಂಡಂಡ ಕುಟ್ಟಪ್ಪ, ಎಲ್ಲರ ಬಾಯಲ್ಲಿ ಕುಟ್ಟಣಿ, 1997ರಲ್ಲಿ ಕರಡ ಗ್ರಾಮದಲ್ಲಿ ಇದನ್ನು ಆರಂಭಿಸಿದರು. ಮೊದಲ ವರ್ಷ 60 ಕುಟುಂಬಗಳ ತಂಡ ಬಂದವು. ಇಲ್ಲಿ ತಂಡವೆಂದರೆ ಒಕ್ಕ, ಒಂದೇ ಮನೆಹೆಸರಿನ ಬಳಗ. ಅಜ್ಜ, ಮೊಮ್ಮಗ, ಸೊಸೆ, ಮಗಳು ಎಲ್ಲರೂ ಒಂದೇ ತಂಡದಲ್ಲಿ ಆಡಬಹುದು. ಒಲಿಂಪಿಕ್ಸ್ ಆಡಿದವರ ಎದುರು ಕಾಫಿ ತೋಟದಲ್ಲಿ ದುಡಿಯುವ ಅಣ್ಣ ನಿಲ್ಲಬಹುದು. ವರ್ಷಕ್ಕೊಂದು ಕುಟುಂಬ ಆತಿಥ್ಯ ವಹಿಸುತ್ತದೆ, ಕಪ್‌ಗೆ ಆ ಕುಟುಂಬದ ಹೆಸರೇ ಇರುತ್ತದೆ. 2018ರ ಮಳೆ-ಭೂಕುಸಿತ, ಆಮೇಲಿನ ಕೊರೋನಾ ಕಾರಣದಿಂದ ಕೆಲವು ವರ್ಷ ನಿಂತಿದ್ದ ಹಬ್ಬ 2023ರಲ್ಲಿ ನಾಪೋಕ್ಲುವಿನಲ್ಲಿ ಮರಳಿ ಆರಂಭವಾಯಿತು. 2024ರಲ್ಲಿ ಅಲ್ಲೇ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬದಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆ ಸೇರಿದವು.

ಈ ಹಬ್ಬಕ್ಕೆ ಟಿವಿ ಕಂಪನಿ ಯಜಮಾನನಲ್ಲ, ದೆಹಲಿಯ ಸಂಸ್ಥೆ ಪೋಷಕನಲ್ಲ. ಫೆಡರೇಷನ್ ಅಮಾನತಾದರೂ ಪಾಂಡಂಡ ಕುಟುಂಬ ಅಮಾನತಾಗುವುದಿಲ್ಲ. ಬೆಂಗಳೂರು ಲಯನ್ಸ್ ಮತ್ತು ಕರ್ನಾಟಕ ಲಯನ್ಸ್ ತಂಡಗಳಿಗೆ ಆಟಗಾರರನ್ನು ಕೊಟ್ಟದ್ದು ಈ ನೆಲವೇ. ತಂಡವನ್ನು ಕಟ್ಟುವ ಬಗೆಯನ್ನು ಮಾತ್ರ ಯಾರೂ ಇಲ್ಲಿಂದ ಕಲಿಯಲಿಲ್ಲ.

ನಂತರದ ಸ್ಥಿತಿ

2021ರಲ್ಲಿ ಟೋಕಿಯೊದಲ್ಲಿ ಭಾರತ ಪುರುಷರ ತಂಡ 41 ವರ್ಷಗಳ ಬಳಿಕ ಒಲಿಂಪಿಕ್ಸ್ ಪದಕ ಗೆದ್ದಿತು. ಆ ತಂಡ ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದು ಬೆಂಗಳೂರಿನ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಕಂಚು ಪಡೆದ ತಂಡದಲ್ಲಿ ಕರ್ನಾಟಕದ ಆಟಗಾರ ಒಬ್ಬರೂ ಇರಲಿಲ್ಲ. ಲೀಗ್ ತಂಡ ಇಲ್ಲದ್ದೇ ಇದಕ್ಕೆ ಕಾರಣ ಎನ್ನಲಾಗದು. ನೌಕರಿ ಕೊಡುತ್ತಿದ್ದ ಸಂಸ್ಥೆಗಳು ಹಾಕಿ ತಂಡಗಳನ್ನು ಕೈಬಿಟ್ಟದ್ದು, ಕ್ರಿಕೆಟ್ಟಿನ ಸೆಳೆತ ಎರಡೂ ಇವೆ. ಆದರೆ ಒಡಿಶಾವನ್ನು ನೋಡಿ. ಆ ರಾಜ್ಯದ ಕಳಿಂಗ ಲ್ಯಾನ್ಸರ್ಸ್ 2014ರಲ್ಲಿ ಲೀಗಿಗೆ ಬಂದು 2017ರಲ್ಲಿ ಚಾಂಪಿಯನ್ ಆಯಿತು. 2018ರಿಂದ ಒಡಿಶಾ ಸರ್ಕಾರವೇ ರಾಷ್ಟ್ರೀಯ ತಂಡಗಳ ಪ್ರಾಯೋಜಕ. 2018 ಮತ್ತು 2023ರ ಪುರುಷರ ವಿಶ್ವಕಪ್ ನಡೆದದ್ದು ಅಲ್ಲಿ. ಊರಿನ ತಂಡ, ಊರಿನ ಮೈದಾನ, ಊರಿನ ಸರ್ಕಾರ ಒಟ್ಟಿಗೆ ನಿಂತಾಗ ಏನಾಗುತ್ತದೆಂಬುದಕ್ಕೆ ಬೇರೆ ಪುರಾವೆ ಬೇಡ. ಕರ್ನಾಟಕದ ಬಳಿ ಆಟಗಾರರಿದ್ದರು, ಮೈದಾನವಿತ್ತು, ಎರಡು ಪ್ರಶಸ್ತಿಗಳೂ ಇದ್ದವು. ಹಿಡಿದು ನಿಲ್ಲುವ ಕೈ ಇರಲಿಲ್ಲ.

ಏಳು ವರ್ಷ ನಿಂತಿದ್ದ ಹಾಕಿ ಇಂಡಿಯಾ ಲೀಗ್ 2024ರ ಡಿಸೆಂಬರ್ 28ರಂದು ಮತ್ತೆ ಆರಂಭವಾಯಿತು. ಹೈದರಾಬಾದ್, ತಮಿಳುನಾಡು, ವಿಶಾಖಪಟ್ಟಣ ಸೇರಿದಂತೆ ಪುರುಷರ ಎಂಟು ತಂಡಗಳು, ಇದೇ ಮೊದಲ ಸಲ ಮಹಿಳೆಯರ ನಾಲ್ಕು ತಂಡಗಳು ಆಡಿದವು. ಆ ಹನ್ನೆರಡರಲ್ಲಿ ಬೆಂಗಳೂರಿನ ಅಥವಾ ಕರ್ನಾಟಕದ ಹೆಸರಿನ ತಂಡ ಒಂದೂ ಇರಲಿಲ್ಲ.